ಹಂದಿಮರಿ ಭೇದಿಗೆ ಯಾವ ಔಷಧನೂ ನಾಟವಲ್ದು, ಫೇಜ್ ಅಂತಾರಲ್ಲ ಅದು ನಮ್ಮಂಥ ಸಣ್ಣ ಶೆಡ್ಡಿಗೆ ಆಗ್ತೈತೇನ್ರಿ?

ಬಂಕಾಪುರ_ಶೆಡ್

ಎಲ್ಲಾರಿಗೂ ನಮಸ್ಕಾರ್ರಿ. ಬಂಕಾಪುರದ ಹತ್ರ ನಂದೊಂದು ಹಂದಿ ಶೆಡ್ ಐತಿ, 14 ತಾಯಿ ಹಂದಿ, ಎರಡು ಗಂಡು, ಯಾರ್ಕ್‌ಶೈರ್ ಡ್ಯುರಾಕ್ ಕ್ರಾಸ್. ದೊಡ್ಡುವಕ್ಕ ಹುಬ್ಬಳ್ಳಿ ಹೋಟೆಲ್ ಮುಸುರಿ ತಂದು ಕಡಾಯ್ದಾಗ ಕುದಿಸಿ ಹಾಕ್ತೇವಿ, ಮರಿಗೋಳಿಗೆ ಗೋವಿನಜೋಳ ಸೋಯಾ ಫೀಡ್. ತ್ರಾಸ ಏನಂದ್ರ, 28-30 ದಿನಕ್ಕ ಮರೀನ ತಾಯಿಂದ ಬ್ಯಾರೆ ಮಾಡಿದ ಮ್ಯಾಲೆ ನಾಕನೇ ಐದನೇ ದಿನಕ್ಕ ಭೇದಿ ಹತ್ಕೊಂತೈತ್ರಿ, ಪೂರಾ ನೀರಿನಂಗ, ಹಳದಿ ಬಣ್ಣ, ಬಾಲದ ಬುಡ ಎಲ್ಲಾ ಹಸಿ, ಕೂದಲ ನೆಟ್ಟಗ ನಿಂತು ಕಣ್ಣ ಒಳಗ ಹೋಗಿ ಒಂದರ ಮ್ಯಾಲೊಂದು ಬಿದ್ಕೊಂಡಿರ್ತಾವ. ರಾತ್ರಿ ಓಡ್ಯಾಡ್ಕೊಂಡಿದ್ದ ಮರಿ ಮುಂಜಾನೆ ಮುಟ್ಟಿದ್ರ ತಣ್ಣಗಾಗಿರ್ತೈತಿ. ಈ ಸಲ 63 ಮರಿ ಒಳಗ 11 ಹೋದ್ವು.

ಮೊದ್ಲ ಫೀಡ್ ಅಂಗಡಿಯಾವ್ರು ಒಂದು ಪುಡಿ ಕೊಟ್ಟಿದ್ರು, ಮೇವಿನಾಗ ಕಲಸಿ ಹಾಕ್ರಿ ಮೈನೂ ಬರ್ತೈತಿ ಭೇದಿನೂ ಬರೂದಿಲ್ಲ ಅಂತ. ಎರಡು ವರ್ಷ ಹಾಕೇನಿ. ಅದು ಆಂಟಿಬಯಾಟಿಕ್ ಅನ್ನೂದು ನನಗ ಗೊತ್ತಾಗಿದ್ದ ಮೊನ್ನೆ, ಡಾಕ್ಟ್ರು ಖಾಲಿ ಡಬ್ಬಿ ತಿರುವಿ ಓದಿ ಹೇಳಿದಾಗ. ಅವ್ರ ಸ್ವಾಬ್ (ಹತ್ತಿ ಕಡ್ಡಿಲೆ ಒರಸಿದ ಮಾದರಿ) ತಗೊಂಡು ಲ್ಯಾಬಿಗೆ ಕಳಿಸಿದ್ರು, ಇ ಕೋಲೈ ಅನ್ನೂ ಕರುಳಿನ ಬ್ಯಾಕ್ಟೀರಿಯಾ ಅಂತ ಬಂತು, ಎಂಟು ಔಷಧ ಪರೀಕ್ಷಾ ಮಾಡ್ಯಾರ, ಆರರ ಮುಂದ 'ಆರ್' ಅಂತ ಬರದಾರ. ಆರ್ ಅಂದ್ರ ನಾಟೂದಿಲ್ಲ ಅಂತ. ಆ ಕಾಗದ ಹಿಡ್ಕೊಂಡು ಶೆಡ್ಡಿನ ಮುಂದ ಸುಮ್ಮನ ನಿಂತಿದ್ದೆ ನೋಡ್ರಿ, ಇದನ್ನ ನಾನ ಕೈಯಾರ ಬೆಳಸೇನಲ್ಲ ಅನಿಸ್ತು.

ಮಗಳು ಬಿಎಸ್ಸಿ ಓದಾಕತ್ತಾಳ, ಅಕಿ ಹೇಳಿದ್ಲು ಬ್ಯಾಕ್ಟೀರಿಯಾನ ಕೊಲ್ಲೂ ವೈರಸ್ ಅದಾವ ಅಪ್ಪಾ, ಫೇಜ್ ಅಂತಾರ, ಹೊರದೇಶದಾಗ ಹಂದಿಗೂ ಕೊಟ್ಟು ನೋಡ್ಯಾರ ಅಂತ. ಖರೇನ ಅದು ಕೆಲಸ ಮಾಡ್ತೈತೇನ್ರಿ? ವೈರಸ್ ಅಂದ್ರ ನನಗ ಅಂಜಿಕಿ, ಹಂದಿ ಜ್ವರನೂ ವೈರಸ್ಸ ಅಲ್ಲೇನ್ರಿ, ಮರಿಗೋಳಿಗೆ ಏನರ ಆದ್ರ? ಮತ್ತ ನಮ್ಮಂಥಾರಿಗೆ ಅದು ಸಿಗೂವಂಥಾದ್ದೇನು? ತಿಳದವ್ರು ಬರೀರಿ, ಉದ್ದ ಆದ್ರೂ ಓದ್ತೇನಿ.

ಗದಗ_ವೆಟ್

ಅಣ್ಣಾರ, ರಿಪೋರ್ಟ್ ಮಾಡಿಸಿದ್ರಲ್ಲ ಅದ ದೊಡ್ಡ ಕೆಲಸ, ನೂರು ಮಂದ್ಯಾಗ ತೊಂಬತ್ತು ಮಂದಿ ಅಂದಾಜಿನ ಮ್ಯಾಲೆ ಸೂಜಿ ಹಾಕಿಸ್ಕೊಂಡು ಹೋಗ್ತಾರ.

ಅಂಜಿಕಿ ಬಗ್ಗೆ ಮೊದ್ಲ ಹೇಳಿಬಿಡ್ತೇನಿ. ಫೇಜ್ ವೈರಸ್ ಹೌದು, ಆದ್ರ ಅದು ಹಿಡಿಯೂದು ಬ್ಯಾಕ್ಟೀರಿಯಾನ ಅಷ್ಟ, ಹಂದಿ ಮೈಯ್ಯಾಗಿನ ಜೀವಕೋಶದ ಒಳಗ ಅದಕ್ಕ ದಾರಿನ ಇಲ್ಲ. ಪ್ರತಿ ಫೇಜ್‌ಗೂ ಒಂದು ಬೀಗ ಒಂದು ಕೀಲಿ ಇದ್ದಂಗ, ಬ್ಯಾಕ್ಟೀರಿಯಾದ ಮೈಮ್ಯಾಲಿನ ಒಂದು ನಿರ್ದಿಷ್ಟ ಜಾಗ ಸಿಕ್ಕರ ಅಂಟ್ಕೊಂತೈತಿ, ಇಲ್ಲಂದ್ರ ಇಲ್ಲ. ಒಳಗ ತನ್ನ ಡಿಎನ್‌ಎ ಇಳಿಸ್ತೈತಿ, ಅಲ್ಲೇ ಮರಿ ಹಾಕ್ತೈತಿ, ಅರ್ಧ ತಾಸಿನೊಳಗ ಆ ಬ್ಯಾಕ್ಟೀರಿಯಾನ ಒಡಕೊಂಡು ನೂರು ಇನ್ನೂರು ಹೊಸಾ ಫೇಜ್ ಹೊರಗ ಬರ್ತಾವ (ಇ ಕೋಲೈನ ಟಿ4 ಅನ್ನೂ ಫೇಜ್‌ದ ಲೆಕ್ಕ ಇದು). ನಾವು ದಿನಾ ನೀರಿನಾಗ, ತರಕಾರ್ಯಾಗ, ಮೊಸರಿನಾಗ ಲೆಕ್ಕ ಇಲ್ಲದಷ್ಟು ಫೇಜ್ ನುಂಗತೇವಿ, ಏನೂ ಆಗೂದಿಲ್ಲ.

ಇನ್ನ ಕೆಲಸ ಮಾಡ್ತೈತೇನು ಅಂದ್ರ, ಹೌದು, ಮತ್ತ ಇದು ಇವತ್ತಿನ ಸುದ್ದಿ ಅಲ್ಲ. 1983ರಾಗ ಇಂಗ್ಲೆಂಡಿನಾಗ ವಿಲಿಯಮ್ಸ್ ಸ್ಮಿತ್ ಮತ್ತ ಹಗಿನ್ಸ್ ಅನ್ನಾವ್ರು ಕರು, ಹಂದಿಮರಿ, ಕುರಿಮರಿ ಮೂರಕ್ಕೂ ಇ ಕೋಲೈ ಭೇದಿ ಬರಿಸಿ ಫೇಜ್ ಕೊಟ್ಟು ನೋಡಿದ್ರು, ಹಂದಿಮರಿಗೋಳ ಭೇದಿ ಎರಡು ಫೇಜ್ ಕೂಡಿಸಿ ಕೊಟ್ಟಾಗ ವಾಸಿ ಆತು. 1987ರಾಗ ಅವ್ರ ಮತ್ತೊಂದು ಮಾಡಿದ್ರು ನೋಡ್ರಿ, ನನಗ ಭಾಳ ಹಿಡಿಸಿದ್ದು ಅದ. ಕರುಗೋಳ ಹಾಸಿಗಿ ಹುಲ್ಲಿನ ಮ್ಯಾಲೆ ಫೇಜ್ ಕಲಿಸಿದ ನೀರು ಸಿಂಪಡಿಸಿದ್ರು ಅಷ್ಟ, ಭೇದಿ ಬರಲಿಲ್ಲ. ಫೇಜ್ ಕೊಟ್ಟು ವಾಸಿ ಆದ ಕರು ಇದ್ದ ಕೋಣಿ ತೊಳೀದ ಹಂಗ ಬಿಟ್ಟು ಅದರಾಗ ಹೊಸಾ ಕರು ಕಟ್ಟಿದ್ರು, ಅವಕ್ಕೂ ಸ್ವಲ್ಪ ಮಟ್ಟಿಗೆ ರಕ್ಷಣಾ ಸಿಕ್ತು.

ಆದ್ರ ಅಣ್ಣಾರ, ಭೇದಿ ಎಲ್ಲಾ ಇ ಕೋಲೈದಿಂದನ ಬರೂದಿಲ್ಲ. ರೋಟಾ ವೈರಸ್ಸಿಂದ ಬರ್ತೈತಿ, ಕಾಕ್ಸಿಡಿಯಾ ಅನ್ನೂ ಕರುಳಿನ ಪರಜೀವಿಯಿಂದ ಬರ್ತೈತಿ, ಅದಕ್ಕ ಫೇಜ್ ಹಾಕಿದ್ರೂ ಅಷ್ಟ ಬಿಟ್ರೂ ಅಷ್ಟ. ಹಂದಿ ಜ್ವರಕ್ಕೂ ಆಗೂದಿಲ್ಲ, ಅದರ ಲಸಿಕಿ ಬ್ಯಾರೆ ಐತಿ, ಹಾಕಿಸಿಲ್ಲಂದ್ರ ಮೊದ್ಲ ಹಾಕಿಸ್ರಿ. ಮತ್ತ ಆ ಪುಡಿ ಡಬ್ಬಿ ಮ್ಯಾಲೆ ಕೊಲಿಸ್ಟಿನ್ ಅನ್ನೂ ಆಂಟಿಬಯಾಟಿಕ್ ಹೆಸರು ಇತ್ತೇನು? ಇದ್ರ ಅದನ್ನ ಸಾಕುಪ್ರಾಣಿ ಮೇವಿಗೆ ಹಾಕೂದು 2019ರ ಜುಲೈದಿಂದ ನಮ್ಮ ದೇಶದಾಗ ಬಂದ್ ಐತಿ.

ಬಂಕಾಪುರ_ಶೆಡ್

ಡಾಕ್ಟ್ರ, ಡಬ್ಬಿ ಹೊರಗ ಒಗದೇವ್ರಿ, ಹೆಸರು ನೆನಪಿಲ್ಲ, ಮಗಳನ್ನ ಕೇಳಿ ಹೇಳ್ತೇನಿ. ಹಂದಿ ಜ್ವರದ ಲಸಿಕಿ ಹಾಕ್ಸೇನಿ.

ಒಂದು ಮಾತು, ತಪ್ಪಿದ್ರ ಬೈಬ್ಯಾಡ್ರಿ. ನೀವು ಹೇಳಿದ ಪ್ರಕಾರ ಫೇಜ್ ಎಲ್ಲಾ ಕಡೆ ಇರ್ತಾವ ಅಂದ ಮ್ಯಾಲೆ ನನ್ನ ಶೆಡ್ಡಿನ ಗಟಾರದಾಗೂ ಇರಬೇಕಲ್ರಿ, ಆ ನೀರನ್ನ ಚಲೋತ್ನ್ಯಾಗ ಸೋಸಿ ಮರಿಗೋಳಿಗೆ ಕುಡಿಸಿದ್ರ ಹೆಂಗ?

ಧಾರವಾಡ_ಮೈಕ್ರೋ

ಅಣ್ಣಾ ದಯವಿಟ್ಟು ಹಂಗ ಮಾಡಬ್ಯಾಡ್ರಿ, ಅದಕ್ಕ ಓಡಿ ಬಂದು ಬರಿಯಾಕತ್ತೇನಿ. ನಾನು ಧಾರವಾಡದಾಗ ಮೈಕ್ರೋಬಯಾಲಜಿ ಪಿಎಚ್‌ಡಿ ಮಾಡಾಕತ್ತೇನಿ, ಕೆಲಸ ಇದರ ಮ್ಯಾಲೆನ.

ನಿಮ್ಮ ಲೆಕ್ಕ ಅರ್ಧ ಖರೇ ಐತಿ. ಗಟಾರದಾಗ ಫೇಜ್ ಇರ್ತಾವ, ನಾವು ಹುಡುಕೂದೂ ಅಲ್ಲೇ. ಹೋದ ವರ್ಷ ಒಂದು ಶೆಡ್ಡಿನ ಹಿಂದಿನ ಕಾಲುವಿಂದ ಒಂದು ಬಾಟ್ಲಿ ತಂದಿದ್ದೆ, ಬಸ್ಸಿನ್ಯಾಗ ಮಂದಿ ಎದ್ದು ದೂರ ಕೂತ್ರು ಆ ವಾಸನಿಗೆ. ಲ್ಯಾಬಿನ್ಯಾಗ ಅದನ್ನ ಸೆಂಟ್ರಿಫ್ಯೂಜ್ ಮಾಡಿ (ಜೋರಾಗಿ ತಿರುಗಿಸಿ ಕಸ ಕೆಳಗ ಕೂಡಿಸಿ), 0.22 ಮೈಕ್ರಾನ್ ಫಿಲ್ಟರಿನ್ಯಾಗ ಸೋಸಿ (ಬ್ಯಾಕ್ಟೀರಿಯಾ ಮ್ಯಾಲೆ ಉಳೀತಾವ, ಫೇಜ್ ಕೆಳಗ ಇಳೀತಾವ), ಅದೇ ಶೆಡ್ಡಿನ ಮರಿಯಿಂದ ಬೆಳಸಿದ ಇ ಕೋಲೈ ಜೋಡಿ ಕಲಿಸಿ, ಮೆತ್ತಗಿನ ಅಗಾರ್ ಅನ್ನೂ ಜೆಲ್ಲಿನ್ಯಾಗ ಹಾಕಿ ಪ್ಲೇಟಿನ ಮ್ಯಾಲೆ ಸುರದು ರಾತ್ರಿ ಪೂರಾ 37 ಡಿಗ್ರಿಯೊಳಗ ಇಟ್ಟೆ. ಮುಂಜಾನೆ ತಗದು ಬೆಳಕಿಗೆ ಹಿಡಿದ್ರ, ಪ್ಲೇಟ್ ತುಂಬ ತೆಳ್ಳಗ ಹಾಲಿನ ಕೆನಿ ಹರಡಿದಂಗ ಬ್ಯಾಕ್ಟೀರಿಯಾ, ಅದರ ನಡುವ ಸೂಜಿಲೆ ಚುಚ್ಚಿದಂಗ ಚೊಕ್ಕ ಖಾಲಿ ಚುಕ್ಕಿ, ಎಣಿಸಿದೆ, 47 ಇದ್ವು. ಒಂದೊಂದು ಚುಕ್ಕಿ ಅಂದ್ರ ಅಲ್ಲೊಂದು ಫೇಜ್ ಬಿದ್ದು, ಸುತ್ತಮುತ್ತಲ ಬ್ಯಾಕ್ಟೀರಿಯಾ ಎಲ್ಲಾ ಒಡದೈತಿ ಅಂತ. ಆ ಬ್ಯಾಕ್ಟೀರಿಯಾಕ್ಕ ಐದು ಆಂಟಿಬಯಾಟಿಕ್ ನಾಟ್ತಿರ್ಲಿಲ್ಲ ಅಣ್ಣಾ. ಅದೇ ಬ್ಯಾಕ್ಟೀರಿಯಾ ಅಲ್ಲಿ ಕರಗಿ ಹೋಗಿತ್ತು. ನಮ್ಮ ಗೈಡ್‌ನ ಕರಕೊಂಡು ಬಂದು ತೋರಿಸಿದೆ, ನನ್ನ ಕೈ ನಡುಗಾಕತ್ತಿತ್ತು.

ಆದ್ರ ಸೋಸಿದ ಗಟಾರದ ನೀರು ಯಾಕ ಬ್ಯಾಡ ಅಂದ್ರ, ಫೇಜ್ ಇಳಿಯೂ ತೂತಿನ್ಯಾಗ ಹಂದಿ ಜ್ವರದ ವೈರಸ್ಸೂ ಇಳೀತೈತಿ, ಅದು ಫೇಜ್‌ಗಿಂತ ದೊಡ್ಡದೇನಲ್ಲ. ಬ್ಯಾಕ್ಟೀರಿಯಾ ಬಿಟ್ಟ ವಿಷನೂ ಇಳೀತೈತಿ. ಇನ್ನೊಂದು, ಫೇಜ್‌ನ್ಯಾಗ ಎರಡು ನಮೂನಿ ಅದಾವ. ಒಂದು ಬಂದ ಕೂಡಲೆ ಒಡದು ಹಾಕೂದು. ಇನ್ನೊಂದು ಬ್ಯಾಕ್ಟೀರಿಯಾದ ಡಿಎನ್‌ಎ ಒಳಗ ಹೊಕ್ಕು ಸುಮ್ಮನ ಕೂತು ಅದರ ಜೋಡಿ ಬೆಳಿಯೂದು. ಈ ಎರಡನೇದ್ದು ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕ ಜೀನ್ ಹೊತ್ಕೊಂಡು ಹೋಗ್ತೈತಿ, ಶಿಗಾ ಅನ್ನೂ ಕೆಟ್ಟ ವಿಷದ ಜೀನ್ ಇ ಕೋಲೈಗೆ ಬಂದಿದ್ದು ಇಂಥಾ ಫೇಜಿಂದನ. ಅಂಥಾದ್ದನ್ನ ಗೊತ್ತಿಲ್ಲದ ಕುಡಿಸಿಬಿಟ್ರ ರೋಗನ ಬೆಳಸಿದಂಗ ಆಗ್ತೈತಿ. ಅದಕ್ಕ ನಾವು ಸಿಕ್ಕ ಫೇಜ್‌ದ ಡಿಎನ್‌ಎ ಪೂರಾ ಓದಿಸಿ, ವಿಷದ ಜೀನ್ ಇಲ್ಲ, ರೆಸಿಸ್ಟನ್ಸ್ ಜೀನ್ (ಔಷಧಕ್ಕ ಜಗ್ಗದಂಗ ಮಾಡೂದು) ಇಲ್ಲ, ಒಳಗ ಕೂಡೂ ಜಾತಿ ಅಲ್ಲ ಅಂತ ಖಾತ್ರಿ ಮಾಡ್ಕೊಂಡ ಮ್ಯಾಲೆನ ಮುಂದಿನ ಹೆಜ್ಜಿ ಇಡ್ತೇವಿ.

ಇನ್ನೊಂದು ಅಡ್ಡಿ ಹೊಟ್ಟಿ ಆಮ್ಲ. ಬಾಯಿಲೆ ಕೊಟ್ಟ ಫೇಜ್‌ನ್ಯಾಗ ಭಾಳಷ್ಟು ಹೊಟ್ಟ್ಯಾಗ ಸತ್ತು ಕರುಳಿಗೆ ಮುಟ್ಟೂದಿಲ್ಲ. ಡಾಕ್ಟ್ರು ಹೇಳಿದ ಅದೇ ಸ್ಮಿತ್ ಗುಂಪು ಹಾಲಿನ್ಯಾಗ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದ್ರ ಸುಣ್ಣಕಲ್ಲಿನ ಪುಡಿ ಇದ್ದಂಗ, ಕಲಿಸಿದ್ರ ಆಮ್ಲ ತಗ್ಗಿ ಫೇಜ್ ಉಳೀತಾವ ಅಂತ ತೋರಿಸಿದ್ರು. ಈಗ ಆಲ್ಜಿನೇಟ್ ಅನ್ನೂ ಕಡಲಪಾಚಿ ಅಂಟಿನ್ಯಾಗ ಸಾಸವಿಗಿಂತ ಸಣ್ಣ ಗುಂಡು ಮಾಡಿ, ಅದರೊಳಗ ಫೇಜ್ ಇಟ್ಟು ಮೇವಿನಾಗ ಕೊಡ್ತಾರ. ಅಮೆರಿಕಾದಾಗ ಕಸಾಯಿಖಾನಿಗೆ ಹೊಂಟ ಹಂದಿಗೋಳಿಗೆ ಹಿಂಗ ಕೊಟ್ಟು ಸಾಲ್ಮೊನೆಲ್ಲಾ ಅನ್ನೂ ಇನ್ನೊಂದು ಕರುಳಿನ ಬ್ಯಾಕ್ಟೀರಿಯಾ ಕಡಿಮಿ ಆಗಿದ್ದನ್ನ 2010ರಾಗ ಪ್ರಕಟ ಮಾಡ್ಯಾರ. ಇಂಗ್ಲೆಂಡಿನ ಲೆಸ್ಟರ್ ಯೂನಿವರ್ಸಿಟಿಯೊಳಗ ಮಾರ್ಥಾ ಕ್ಲೋಕಿ ಅವರ ಗುಂಪು ಹಂದಿಯ ಸಾಲ್ಮೊನೆಲ್ಲಾ ಮ್ಯಾಲೆ ಇದೇ ಕೆಲಸ ಮಾಡ್ತೈತಿ.

ಸವಣೂರ_ಎಲಿಬಳ್ಳಿ

ನಾನೂ ಮೊದ್ಲ ಹಂದಿ ಸಾಕಿದಾವ, ಈಗ ಎಂಟು ತಾಯಿ ಅದಾವ. ಓದಿ ಖುಷಿ ಆತು ಆದ್ರ ಲ್ಯಾಬಿನ ಮಾತು ಲ್ಯಾಬಿಗೆ ಸರಿ. ಒಂದು ಬ್ಯಾಕ್ಟೀರಿಯಾಕ್ಕ ಒಂದ ಫೇಜ್ ಅಂತೀರಿ, ನನ್ನ ಶೆಡ್ಡಿನ್ಯಾಗ ಒಂದು, ಅಣ್ಣನ ಶೆಡ್ಡಿನ್ಯಾಗ ಇನ್ನೊಂದು, ಬರೂ ವರ್ಷ ಮತ್ತೊಂದು. ಯಾವಾಗ ಹುಡುಕೂದು ಯಾವಾಗ ಕೊಡೂದು, ಅಷ್ಟೊತ್ತಿಗೆ ಮರಿ ಮಣ್ಣಾಗಿರ್ತಾವ. ಮತ್ತ ಔಷಧಕ್ಕ ಜಗ್ಗದಂಗ ಆದಂಗ ಬ್ಯಾಕ್ಟೀರಿಯಾ ಫೇಜ್‌ಗೂ ಜಗ್ಗದಂಗ ಆಗಿಬಿಟ್ರ?

ನಂಗೂ ಭೇದಿ ಕಾಟ ಇತ್ತು. ನಾ ಏನ ಮಾಡಿದೆ ಅಂದ್ರ 28 ದಿನಕ್ಕ ಬಿಡಸೂದು ಬಿಟ್ಟು 45 ದಿನಕ್ಕ ಬಿಡಿಸಿದೆ. ತಾಯಿಂದ ಬಿಡಸೂದು, ಜಾಗ ಬದಲಸೂದು ಎರಡೂ ಒಂದ ಸಲಕ್ಕ ಮಾಡಾಕ ಹೋಗಬ್ಯಾಡ್ರಿ, ತಾಯಿನ ತಗದು ಮರಿಗೋಳನ್ನ ಅದ ಗೂಡಿನ್ಯಾಗ ಒಂದು ವಾರ ಬಿಡ್ರಿ, ಜಾಗ ಬದಲಾದ್ರನ ಅವು ಅರ್ಧ ಕುಗ್ಗತಾವ. ನೆಲ ಒಣಾ ಇಡ್ರಿ, ಭತ್ತದ ಹುಲ್ಲು ಹಾಸ್ರಿ, ರಾತ್ರಿ ಒಂದು ಬಲ್ಬ್ ಹಾಕ್ರಿ. ಮೇವು ಹೊಟ್ಟಿ ತುಂಬ ಒಂದ ಸಲ ಕೊಡಬ್ಯಾಡ್ರಿ, ದಿನಕ್ಕ ಐದಾರು ಸಲ ಚೂರು ಚೂರು. ಒಂದು ವರ್ಷದಾಗ ನನ್ನ ಔಷಧದ ಖರ್ಚು ಅರ್ಧಕ್ಕಿಂತ ಕೆಳಗ ಬಂತು. ನಮ್ಮ ಕಡೆ ಹಂದಿ ಸಾಕ್ತೇನಂದ್ರ ಮಂದಿ ಒಂದು ನಮೂನಿ ನೋಡ್ತಾರ, ಯಾರೂ ಕಲಿಸಾಕ ಬರೂದಿಲ್ಲ, ಇದೆಲ್ಲಾ ಮರಿ ಕಳಕೊಂಡು ಕಳಕೊಂಡ ಕಲ್ತಿದ್ದು.

ಗದಗ_ವೆಟ್

ಸವಣೂರಣ್ಣ ಹೇಳಿದ್ದು ಲಾಖ್ ರೂಪಾಯಿ ಮಾತು, ತಾಯಿ ಹಾಲಿನ್ಯಾಗಿನ ರಕ್ಷಣಾ ಒಮ್ಮೆಲೆ ನಿಂತಾಗನ ಇ ಕೋಲೈ ಕರುಳಿಗೆ ಅಂಟ್ಕೊಳ್ಳೂದು. ಯುರೋಪಿನ್ಯಾಗ 2006ರ ಜನವರಿಂದ ಮೈ ಬರ್ಲಿ ಅಂತ ಮೇವಿಗೆ ಆಂಟಿಬಯಾಟಿಕ್ ಹಾಕೂದು ಪೂರಾ ನಿಲ್ಲಿಸಿದ್ರು, 2022ರಾಗ ಭೇದಿಗೆ ಅಂತ ಹೆಚ್ಚಿನ ಡೋಸ್ ಜಿಂಕ್ ಆಕ್ಸೈಡ್ ಕೊಡೂದನ್ನೂ ನಿಲ್ಲಿಸಿದ್ರು, ಫೇಜ್ ಹುಡುಕಾಟ ಅಲ್ಲಿ ಇಷ್ಟು ಜೋರಾಗಿದ್ದಕ್ಕ ಇದೂ ಒಂದು ಕಾರಣ.

ಧಾರವಾಡ_ಮೈಕ್ರೋ

ಅಣ್ಣಾ ನೀವು ಕೇಳಿದ ಎರಡೂ ಪ್ರಶ್ನಿ ಸರಿ ಅದಾವ, ನಮ್ಮ ಗೈಡ್‌ನೂ ನನಗ ಅವನ್ನ ಕೇಳ್ತಾರ.

ಫೇಜ್‌ಗೂ ಜಗ್ಗದಂಗ ಆದ್ರ ಅಂದ್ರಲ್ಲ, ಹೌದು, ಬ್ಯಾಕ್ಟೀರಿಯಾ ಫೇಜ್‌ಗೂ ತಪ್ಪಿಸ್ಕೊಳ್ಳಾಕ ಕಲೀತಾವ, ಪ್ಲೇಟಿನ ಮ್ಯಾಲೆ ಎರಡನೇ ದಿನಕ್ಕ ಚುಕ್ಕಿ ನಡುವ ಸಣ್ಣ ಸಣ್ಣ ಗುಂಪು ಮತ್ತ ಎದ್ದಿರ್ತಾವ, ನಾನ ನೋಡೇನಿ. ಅದಕ್ಕ ಒಂದ ಫೇಜ್ ಕೊಡೂದಿಲ್ಲ, ಬ್ಯಾರೆ ಬ್ಯಾರೆ ಬಾಗಿಲಿಂದ ಹೋಗೂ ನಾಕೈದು ಕೂಡಿಸಿ ಕಾಕ್‌ಟೇಲ್ ಮಾಡ್ತಾರ, ಒಂದನ್ನ ತಪ್ಪಿಸ್ಕೊಂಡಿದ್ದು ಇನ್ನೊಂದಕ್ಕ ಸಿಗ್ತೈತಿ. ಮತ್ತ ತಪ್ಪಿಸ್ಕೊಳ್ಳಾಕ ಅದು ಬೆಲಿ ಕಟ್ಟಬೇಕಾಗ್ತೈತಿ. ಫೇಜ್ ಹಿಡ್ಕೊಳ್ಳೂ ಜಾಗಾನ ತಗದು ಒಗದ್ರ, ಕೆಲವು ಸಲ ಕರುಳಿಗೆ ರೋಗ ಹಚ್ಚೂ ಶಕ್ತಿನೂ ಅದರ ಜೋಡಿ ಹೋಗ್ತೈತಿ. ಸ್ಮಿತ್ ಅವ್ರ ಕರುಗೋಳಾಗ ಹಂಗ ಆಗಿತ್ತು, ಉಳದ ಬ್ಯಾಕ್ಟೀರಿಯಾ ಮೊದಲಿನಷ್ಟು ಜೋರು ಇರ್ಲಿಲ್ಲ.

ಇದರಾಗ ನನಗ ಭಾಳ ಮುಖ್ಯ ಅನಿಸೂದೊಂದು ಹೇಳ್ತೇನಿ. ರೆಸಿಸ್ಟನ್ಸ್ ಜೀನ್ ಭಾಳ ಸಲ ಪ್ಲಾಸ್ಮಿಡ್ ಅನ್ನೂ ಸಣ್ಣ ಡಿಎನ್‌ಎ ಉಂಗುರದ ಮ್ಯಾಲೆ ಇರ್ತೈತಿ, ಒಂದು ಬ್ಯಾಕ್ಟೀರಿಯಾ ಇನ್ನೊಂದಕ್ಕ ಕೊಳವಿ ಚಾಚಿ ಅದರ ನಕಲು ದಾಟಿಸ್ತೈತಿ. ಪಿಆರ್‌ಡಿ1 ಅನ್ನೂ ಫೇಜ್ ಹಿಡ್ಕೊಳ್ಳೂದು ಆ ಪ್ಲಾಸ್ಮಿಡ್ ಕಟ್ಟಿದ ದಾಟಿಸೂ ಯಂತ್ರಾನ. ಅಂದ್ರ ರೆಸಿಸ್ಟನ್ಸ್ ಹೊತ್ತಾವನ್ನ ಆರಿಸಿ ಹೊಡೀತೈತಿ! 2011ರಾಗ ಫಿನ್ಲೆಂಡಿನ ವಿಜ್ಞಾನಿಗೋಳು ಇದನ್ನ ಬಿಟ್ಟು ನೋಡಿದ್ರ, ಉಳದ ಬ್ಯಾಕ್ಟೀರಿಯಾದಾಗ ಭಾಳ ಪ್ಲಾಸ್ಮಿಡ್‌ನ ಕಳಕೊಂಡಿದ್ವು, ಕೆಲವು ಪ್ಲಾಸ್ಮಿಡ್ ಇಟ್ಕೊಂಡ್ರೂ ದಾಟಿಸೂ ಶಕ್ತಿ ಕಳಕೊಂಡಿದ್ವು. ಲ್ಯಾಬಿನ ಕೆಲಸನ ಅದು, ಶೆಡ್ಡಿಂದಲ್ಲ, ಆದ್ರ ಓದಿದ ದಿನ ನನಗ ನಿದ್ದಿ ಬರ್ಲಿಲ್ಲ.

ಯಾವಾಗ ಹುಡುಕೂದು ಅನ್ನೂದಕ್ಕ, ಮರಿ ಬಿದ್ದ ಮ್ಯಾಲೆ ಹುಡುಕೂದಲ್ಲ. ಒಂದು ಜಿಲ್ಲಾದ ಹತ್ತಿಪ್ಪತ್ತು ಶೆಡ್ಡಿನ ಬ್ಯಾಕ್ಟೀರಿಯಾ ಮತ್ತ ಫೇಜ್ ಮೊದಲ ಕೂಡಿಸಿ ಫ್ರೀಜರಿನ್ಯಾಗ ಇಟ್ಟಿದ್ರ, ಹೊಸಾ ಸ್ವಾಬ್ ಬಂದ ಕೂಡಲೆ ಯಾವ ಫೇಜ್ ಹೊಂದತೈತಿ ಅಂತ ಒಂದ ರಾತ್ರ್ಯಾಗ ಗೊತ್ತಾಗ್ತೈತಿ. ಜಾರ್ಜಿಯಾ ದೇಶದ ಟಿಬಿಲಿಸಿಯೊಳಗ ಎಲಿಯಾವಾ ಅನ್ನೂ ಸಂಸ್ಥೆ 1923ರಿಂದ ಮನಷ್ಯಾರ ರೋಗಕ್ಕ ಇದನ್ನ ಮಾಡ್ಕೊಂತ ಬಂದೈತಿ. ನಮ್ಮ ದೇಶಕ್ಕೂ ಇದು ಹೊಸಾದಲ್ಲ. 1896ರಾಗನ ಹ್ಯಾಂಕಿನ್ ಅನ್ನಾವ ಗಂಗಾ ಯಮುನಾ ನೀರಿನಾಗ ಕಾಲರಾ ಬ್ಯಾಕ್ಟೀರಿಯಾ ಸಾಯ್ತಾವ, ಅದೇ ನೀರು ಕುದಿಸಿದ್ರ ಆ ಗುಣ ಹೋಗ್ತೈತಿ ಅಂತ ಬರದಿದ್ದ. ಫೇಜ್ ಅಂತ ಹೆಸರಿಟ್ಟ ಡಿಹೆರೆಲ್ 1920ರ ದಶಕದಾಗ ಇಲ್ಲೇ ಬಂದು ಕಾಲರಾ ಮ್ಯಾಲೆ ಪ್ರಯೋಗ ಮಾಡಿದ್ದ. ಆಮ್ಯಾಲೆ ಪೆನ್ಸಿಲಿನ್ ಬಂತು, ನಾವು ಇದನ್ನ ಕೈಬಿಟ್ವಿ.

ಹುಬ್ಬಳ್ಳಿ_ಐಸಿಯು_ನರ್ಸ್

ಹಂದಿ ವಿಷಯ ನನಗ ಗೊತ್ತಿಲ್ಲ, ಆದ್ರೂ ಬರೀತೇನಿ ಯಾಕಂದ್ರ ಆ 'ಆರ್ ಆರ್ ಆರ್' ಕಾಗದ ನಾನು ವಾರಕ್ಕ ನಾಕೈದು ನೋಡ್ತೇನಿ, ಮನಷ್ಯಾರದ್ದು. ಹೋದ ಮಳಿಗಾಲದಾಗ ಒಬ್ಬರು ಅಜ್ಜಾರ ಮೂತ್ರದ ಸೋಂಕು ರಕ್ತಕ್ಕ ಏರಿ ಬಂದಿದ್ರು, ಇ ಕೋಲೈನ, ರಿಪೋರ್ಟಿನ್ಯಾಗ ಉಳದಿದ್ದು ಕೊಲಿಸ್ಟಿನ್ ಒಂದ. ಅದು ಕಿಡ್ನಿಗೆ ಪೆಟ್ಟು ಕೊಡೂ ಔಷಧ, ಬ್ಯಾರೆ ದಾರಿ ಇಲ್ಲದಾಗ ಅಷ್ಟ ಕೊಡೂದು. ಒಂಬತ್ತು ದಿನ ಕೊಟ್ವಿ, ದಿನಾ ಮುಂಜಾನೆ ಕ್ರಿಯಾಟಿನಿನ್ (ಕಿಡ್ನಿ ಹೆಂಗೈತಿ ಅಂತ ತೋರಸೂ ರಕ್ತ ಪರೀಕ್ಷಾ) ನೋಡ್ಕೊಂತ, ಅಜ್ಜಾರು ಮನಿಗೆ ನಡಕೊಂಡು ಹೋದ್ರು. ಅದೂ 'ಆರ್' ಆಗಿದ್ರ? 2015ರಾಗ ಚೀನಾದಾಗ ಎಂಸಿಆರ್-1 ಅನ್ನೂ ಜೀನ್ ಸಿಕ್ಕಿದ್ದು, ಕೊಲಿಸ್ಟಿನ್‌ಗೆ ಜಗ್ಗದಂಗ ಮಾಡೂದು, ಅದು ಮೊದ್ಲ ಕಂಡಿದ್ದು ಹಂದಿಯ ಇ ಕೋಲೈದಾಗ ಅಂತ ನಮಗ ಟ್ರೇನಿಂಗ್‌ನ್ಯಾಗ ಹೇಳಿದ್ರು, ಅದೂ ಧಾರವಾಡದ ತಂಗಿ ಹೇಳಿದ ಆ ಪ್ಲಾಸ್ಮಿಡ್ ಮ್ಯಾಲೆನ ಕೂತಿತ್ತಂತ.

ಬಂಕಾಪುರದಣ್ಣಾರ, ನೀವು ಕೈಯಾರ ಬೆಳಸೇನಿ ಅಂತ ಬರದೀರಿ, ಹಂಗ ಅನ್ಕೋಬ್ಯಾಡ್ರಿ. ನಿಮಗ ಡಬ್ಬಿ ಕೊಟ್ಟಾವ್ರು ಹೇಳಬೇಕಿತ್ತು. ಒಂದ ಬೇಡ್ಕೊಂತೇನಿ, ಶೆಡ್ಡಿನ್ಯಾಗ ಕೆಲಸ ಮಾಡೂ ಮಂದಿಗೆ ಸಾಬೂನು ನೀರು ಅಲ್ಲೇ ಇಡ್ರಿ, ಊಟಕ್ಕ ಕೂಡೂ ಮುಂಚೆ ತೊಳಕೊಳ್ಳಾಕ.

ಬಂಕಾಪುರ_ಶೆಡ್

ಅಕ್ಕಾರ ಓದಿ ಗಂಟಲ ಕಟ್ತು. ಸಾಬೂನು ಇಡ್ತೇನಿ, ಇವತ್ತ ಇಡ್ತೇನಿ. ಮಗಳು ಹೇಳಿದ್ಲು ಡಬ್ಬಿ ಮ್ಯಾಲೆ ಕೊಲಿಸ್ಟಿನ್ ಅಂತನ ಇತ್ತಂತ್ರಿ ಡಾಕ್ಟ್ರ, ಅಕಿ ಫೋಟೋ ತಗದಿಟ್ಟಾಳ.

ಸವಣೂರಣ್ಣನ ಮಾತು ನಾಳಿಂದನ ಶುರು, ಮುಂದಿನ ಮೂರು ತಾಯಿ ಈದಾವ, ಅವರ ಮರಿ 45 ದಿನಕ್ಕ ಬಿಡಸ್ತೇನಿ. ಧಾರವಾಡದ ತಂಗಿ, ನಿಮಗ ನಮ್ಮ ಶೆಡ್ಡಿಂದ ಬ್ಯಾಕ್ಟೀರಿಯಾ ಗಟಾರದ ನೀರು ಬೇಕಂದ್ರ ಕೊಡ್ತೇನಿ. ನನ್ನ ಮರಿಗೆ ಈಗ ಉಪಯೋಗ ಆಗೂದಿಲ್ಲ ಅನ್ನೂದು ತಿಳದೈತಿ, ಆದ್ರೂ ಆ ಫ್ರೀಜರಿನ್ಯಾಗ ನಂದೂ ಇರ್ಲಿ. ಹೆಂಗ ತರಬೇಕು ಹೇಳ್ರಿ, ಮನ್ಯಾಗ ಐಸ್ ಡಬ್ಬಿ ಐತಿ.

ಗದಗ_ವೆಟ್

ಫೋಟೋ ಜ್ವಾಪಾನ ಇಡ್ರಿ ಅಣ್ಣಾರ, ಬ್ಯಾಚ್ ನಂಬರ್ ಕಾಣಂಗ. ನಿಮ್ಮ ತಾಲೂಕಿನ ಪಶು ಆಸ್ಪತ್ರಿ ಡಾಕ್ಟ್ರಿಗೆ ತೋರಿಸಿ ಬರದು ಕೊಡ್ರಿ. ಮತ್ತ ಈಗಿರೂ ದೊಡ್ಡ ಹಂದಿ ಮಾರೂದಿದ್ರ ಔಷಧ ನಿಲ್ಲಿಸಿ ಕಡಿಮಿ ಅಂದ್ರೂ 28 ದಿನ ಕಾಯ್ರಿ, ಡಬ್ಬಿ ಮ್ಯಾಲೆ ದಿನ ಬರದಿಲ್ಲಂದ್ರ ಮಾಂಸಕ್ಕ ಕಾನೂನು ಹೇಳೂದು ಅಷ್ಟು ದಿನ. ಯಾರರ ಫೇಜ್ ಬಾಟ್ಲಿ ಅಂತ ತಂದು ಮಾರಾಕ ಬಂದ್ರ ಯಾವ ಬ್ಯಾಕ್ಟೀರಿಯಾಕ್ಕ, ಒಂದು ಎಂಎಲ್‌ಗೆ ಎಷ್ಟು ಫೇಜ್, ನಿಮ್ಮ ಶೆಡ್ಡಿನ ಇ ಕೋಲೈ ಮ್ಯಾಲೆ ಹಾಕಿ ತೋರಿಸ್ತೀರೇನು ಅಂತ ಕೇಳ್ರಿ, ಉತ್ತರ ಬರ್ಲಿಲ್ಲಂದ್ರ ತಗೋಬ್ಯಾಡ್ರಿ.

ಧಾರವಾಡ_ಮೈಕ್ರೋ

ಅಣ್ಣಾ ನಿಮಗ ಎಷ್ಟು ಥ್ಯಾಂಕ್ಸ್ ಹೇಳ್ಲಿ. ಮರಿಗೆ ಕೊಡೂದಂದ್ರ ಪ್ರಾಣಿ ಪ್ರಯೋಗದ ಎಥಿಕ್ಸ್ ಕಮಿಟಿ ಒಪ್ಪಿಗಿ ಬೇಕು, ಅದಕ್ಕ ಈಗ ಪ್ಲೇಟಿನ ಮ್ಯಾಲೆ ಹೊಂದತೈತೋ ಇಲ್ಲೋ ಅಷ್ಟ ನೋಡಾಕ ಆಗ್ತೈತಿ, ಬಂದಿದ್ದನ್ನ ಫೋಟೋ ತಗದು ನಿಮಗ ಕಳಸ್ತೇನಿ.

ಭೇದಿ ಶುರು ಆದ ಮೊದಲನೇ ದಿನದ, ಇನ್ನೂ ಔಷಧ ಕೊಡದ ಮರಿಯಿಂದ ಸ್ವಾಬ್ ಬೇಕು, ನಿಮ್ಮ ಡಾಕ್ಟ್ರ ಕಡಿಂದನ ತಗಸ್ರಿ, ಸ್ವಾಬ್ ಟ್ಯೂಬ್ ನಾನ ಕಳಸ್ತೇನಿ. ಗಟಾರದ್ದು ಒಂದು ಚೊಕ್ಕ ನೀರಿನ ಬಾಟ್ಲಿ ಅರ್ಧ ತುಂಬಿ, ಮ್ಯಾಲಿನ ನೊರಿ ಬಿಟ್ಟು ಕೆಳಗಿನ ಗಟ್ಟಿದು ಬರ್ಲಿ, ನೆರಳಿನ್ಯಾಗಿಂದು, ಬಿಸಲು ಬಿದ್ರ ಫೇಜ್ ಸಾಯ್ತಾವ. ತರೂ ಮುಂಚೆ ಮೂರು ನಾಕು ದಿನ ಆ ಕಾಲುವಿಗೆ ಫಿನಾಯಿಲ್, ಬ್ಲೀಚಿಂಗ್ ಪುಡಿ ಏನೂ ಹಾಕಬ್ಯಾಡ್ರಿ. ಐಸ್ ಡಬ್ಬ್ಯಾಗ ಬಾಟ್ಲಿ ಮತ್ತ ಐಸಿನ ನಡುವ ಒಂದು ಅರಿವಿ ಇಡ್ರಿ, ತಂಪಿರಬೇಕು ಗಡ್ಡಿ ಕಟ್ಟಬಾರದು. ಬಾಟ್ಲಿ ಮ್ಯಾಲೆ ತಾರೀಖು, ಎಷ್ಟು ದಿನದ ಮರಿ, ಯಾವ ಗೂಡು ಅಂತ ಬರೀರಿ. ಶನಿವಾರ ತರಬ್ಯಾಡ್ರಿ, ರವಿವಾರ ಲ್ಯಾಬ್ ಬಂದ್ ಇರ್ತೈತಿ. ಬಸ್ಸಿಗೆ ಹಾಕೂ ಮುಂಚೆ ಇಲ್ಲೇ ಒಂದು ಮೆಸೇಜ್ ಹಾಕ್ರಿ, ಬಸ್ ಸ್ಟ್ಯಾಂಡಿಗೆ ನಾನ ಬರ್ತೇನಿ.